ಉಡುಪಿಯ ಪಿನ್ ಕೋಡ್ ಅವಿಭಾಜ್ಯವಾ?

ಪ್ರಶ್ನೆ: ಉಡುಪಿಯ ರಥಬೀದಿ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಹೊರ ಊರಿಗೆ ಪಾರ್ಸೆಲ್ ಕಳಿಸುವುದು ಜಾಸ್ತಿ. ದಿನಕ್ಕೆ ಹತ್ತಿಪ್ಪತ್ತು ಸಲ 576101 ಎಂದು ಬರೆಯುತ್ತೇನೆ. ಎಂಟನೇ ಕ್ಲಾಸಿನ ಮಗಳು ಮೊನ್ನೆ ಅಂಗಡಿಯಲ್ಲಿ ಕೂತು ಕ್ಯಾಲ್ಕುಲೇಟರ್ ಹಿಡಿದು ಈ ಸಂಖ್ಯೆಯನ್ನು 2ರಿಂದ 50ರ ತನಕ ಎಲ್ಲದರಿಂದಲೂ ಭಾಗಿಸಿ ನೋಡಿದಳು. ಯಾವುದರಲ್ಲೂ ಸರಿಯಾಗಿ ಹೋಗಲಿಲ್ಲ. "ಅಪ್ಪಾ, ಇದು ಅವಿಭಾಜ್ಯ ಸಂಖ್ಯೆ" ಎನ್ನುತ್ತಿದ್ದಾಳೆ. 50ರ ತನಕ ನೋಡಿದರೆ ಸಾಕಾ? ಇಲ್ಲದಿದ್ದರೆ ಎಲ್ಲಿ ತನಕ ನೋಡಬೇಕು? ಈ ಸಂಖ್ಯೆಯಲ್ಲಿ ಬೇರೆ ವಿಶೇಷ ಏನಾದರೂ ಉಂಟಾ?

ಉತ್ತರ: ಮೊದಲು ಮಗಳಿಗೆ ಹೇಳಿ, ಅವಳ ಉತ್ತರ ಸರಿ. ಆದರೆ ಅವಳು ಕೊಟ್ಟ ಕಾರಣ ಸಾಲದು. 576101 ಅವಿಭಾಜ್ಯವೇ. 1 ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವುದೂ ಅದನ್ನು ಶೇಷ ಉಳಿಯದ ಹಾಗೆ ಭಾಗಿಸುವುದಿಲ್ಲ.

50ಕ್ಕೆ ನಿಲ್ಲಿಸಿದರೆ ಎಂತ ಆಗುತ್ತದೆ ಎಂದು ತೋರಿಸಲು ದೂರ ಹೋಗಬೇಕಾಗಿಲ್ಲ. ನಾಲ್ಕು ಹೆಜ್ಜೆ ಹಿಂದೆ 576097 ಉಂಟು. ಅದು ಕೂಡ 2ರಿಂದ 50ರ ತನಕ ಯಾವುದಕ್ಕೂ ಬಗ್ಗುವುದಿಲ್ಲ. 60ರ ತನಕ, 80ರ ತನಕ ನೋಡಿದರೂ ಹಾಗೆಯೇ ಸೆಟೆದು ನಿಂತಿರುತ್ತದೆ. 89 ಬಂದಾಗ ಬೀಳುತ್ತದೆ: 89 × 6473 = 576097. ನಿಮ್ಮ ಮಗಳು ಇದೇ ಸಂಖ್ಯೆಯನ್ನು ಹಿಡಿದಿದ್ದರೆ, ಅಷ್ಟೇ ಭಾಗಾಕಾರ ಮಾಡಿ, ಅಷ್ಟೇ ಧೈರ್ಯದಿಂದ ತಪ್ಪು ಉತ್ತರ ಹೇಳುತ್ತಿದ್ದಳು.

ಹಾಗಾದರೆ ಎಲ್ಲಿ ತನಕ? ಭಾಗಿಸುವ ಸಂಖ್ಯೆಗಳು ಯಾವತ್ತೂ ಜೋಡಿಯಾಗಿಯೇ ಬರುತ್ತವೆ. 89 ಬಂದರೆ ಅದರ ಜೊತೆ 6473 ಬಂದೇ ಬರುತ್ತದೆ. ಜೋಡಿಯಲ್ಲಿ ಚಿಕ್ಕದು ಎಷ್ಟು ದೊಡ್ಡದಾಗಬಹುದು? ಎರಡೂ ಸಮ ಆಗುವಷ್ಟು, ಅಂದರೆ ವರ್ಗಮೂಲದ ತನಕ. 759ನ್ನು 759ರಿಂದ ಗುಣಿಸಿದರೆ 576081. ನಮ್ಮ ಸಂಖ್ಯೆಗೆ ಬರೇ 20 ಕಡಿಮೆ. 760ರ ವರ್ಗ 577600, ಅದು ದಾಟಿ ಹೋಯಿತು. ಹಾಗಾಗಿ 759ರ ತನಕ ನೋಡಿದರೆ ಸಾಕು. ಅದರಲ್ಲೂ ಎಲ್ಲ ಸಂಖ್ಯೆಗಳು ಬೇಡ. 2ರಿಂದ ಹೋಗದಿದ್ದರೆ 4, 6, 8ರಿಂದಲೂ ಹೋಗುವುದಿಲ್ಲ. ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರಾಯಿತು. 759ರ ಒಳಗೆ ಅಂಥವು 134 ಇವೆ.

134 ಭಾಗಾಕಾರ ಎಂದರೆ ಮಕ್ಕಳು ಓಡಿಹೋಗುತ್ತಾರೆ. ನಾನೂ ಓಡಿಹೋಗುವವನೇ. ಮೊನ್ನೆ ರಾತ್ರಿ ಮಂಗಳೂರಿನಲ್ಲಿ ಮಳೆ ಜೋರಾಗಿ ಕರೆಂಟು ಹೋಗಿತ್ತು. ಮೇಣದ ಬತ್ತಿ ಹಚ್ಚಿ, ಕಾಗದ ಪೆನ್ನು ಹಿಡಿದು ಕೂತೆ. ಆಗ ಸಿಕ್ಕಿದ ಅಡ್ಡದಾರಿಗಳನ್ನು ಹೇಳುತ್ತೇನೆ.

ಮೊದಲನೆಯದು ಹಳೆಯ ಉಪಾಯ. 7 × 11 × 13 = 1001. ಇದರಿಂದಾಗಿ ಆರಂಕಿಯ ಯಾವ ಸಂಖ್ಯೆಯನ್ನೂ ಮೂರು ಮೂರು ಅಂಕಿಗಳಾಗಿ ಮುರಿದು ಒಂದರಿಂದ ಇನ್ನೊಂದನ್ನು ಕಳೆದರೆ, 7, 11, 13ರ ಮಟ್ಟಿಗೆ ಆ ವ್ಯತ್ಯಾಸವನ್ನು ನೋಡಿದರೆ ಸಾಕು. ಪಿನ್ ಕೋಡನ್ನು ಹೇಗೂ ನಾವು 576 101 ಎಂದು ನಡುವೆ ಜಾಗ ಬಿಟ್ಟು ಬರೆಯುತ್ತೇವೆ, ಅಲ್ವಾ? 576ರಿಂದ 101 ಕಳೆದರೆ 475. ಅದು 19 × 25. ಅದರಲ್ಲಿ 7 ಇಲ್ಲ, 11 ಇಲ್ಲ, 13 ಇಲ್ಲ. ಒಂದು ಕಳೆಯುವ ಲೆಕ್ಕದಲ್ಲಿ ಮೂರು ಭಾಗಾಕಾರ ಮುಗಿಯಿತು.

ಎರಡನೆಯದು ಇದಕ್ಕಿಂತ ಚಂದ. ಸಂಖ್ಯೆ 759ರ ವರ್ಗಕ್ಕೆ 20 ಕೂಡಿಸಿದ್ದು ಎಂದೆನಲ್ಲ. ಆ 20 ಸುಮ್ಮನೆ ಬಿಡುವ ಚಿಲ್ಲರೆ ಅಲ್ಲ. ಮಗಳ ಹತ್ತಿರ ಹೀಗೆ ಮಾಡಿಸಿ ನೋಡಿ. 5ರ ಮಗ್ಗಿಯಲ್ಲಿ ಬರದ ಯಾವುದಾದರೂ ಬೆಸಸಂಖ್ಯೆ ತೆಗೆದುಕೊಂಡು, ವರ್ಗ ಮಾಡಿ, 20 ಕೂಡಿಸಲಿ. 3ರಿಂದ 29 ಬರುತ್ತದೆ. 7ರಿಂದ 69, ಅಂದರೆ 3 × 23. 9ರಿಂದ 101. 11ರಿಂದ 141, ಅಂದರೆ 3 × 47. 17ರಿಂದ 309, ಅಂದರೆ 3 × 103. 21ರಿಂದ 461. ಈಗ ಇದರಲ್ಲಿ ಬಂದ ಅವಿಭಾಜ್ಯಗಳ ಹತ್ತರ ಸ್ಥಾನ ನೋಡಲಿ: 29ರಲ್ಲಿ 2, 23ರಲ್ಲಿ 2, 101ರಲ್ಲಿ 0, 47ರಲ್ಲಿ 4, 103ರಲ್ಲಿ 0, 461ರಲ್ಲಿ 6. ಬರೇ 3 ಇದ್ದಲ್ಲಿ ಹತ್ತರ ಸ್ಥಾನ ಸೊನ್ನೆ. ಎಲ್ಲವೂ ಸಮ! 13, 17, 31, 37, 53, 59 ಇಂಥವು ಒಂದೂ ಇಲ್ಲ. ಎಷ್ಟು ದೊಡ್ಡ ಬೆಸಸಂಖ್ಯೆ ಹಿಡಿದರೂ ಬರುವುದಿಲ್ಲ.

ಇದು ಕಾಕತಾಳೀಯ ಅಲ್ಲ. ಇದರ ಹಿಂದೆ ವರ್ಗಗಳ ಶೇಷಗಳ ಬಗ್ಗೆ ಒಂದು ಆಳವಾದ ನಿಯಮ ಉಂಟು. 1796ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಜರ್ಮನಿಯ ಗಣಿತಜ್ಞ ಗಾಸ್ ಅದನ್ನು ಸಾಧಿಸಿ ತೋರಿಸಿದ. ಆ ಸಾಧನೆ ಎಂಟನೇ ಕ್ಲಾಸಿಗೆ ಭಾರ, ಈಗ ಬೇಡ. ನಮಗೆ ಬೇಕಾದದ್ದು ಇಷ್ಟು: 576101ನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದರ ಹತ್ತರ ಸ್ಥಾನದಲ್ಲಿ ಸಮ ಅಂಕಿಯೇ ಇರಬೇಕು. ಉಳಿದವನ್ನು ಮುಟ್ಟುವುದೇ ಬೇಡ. 2 ಮತ್ತು 5 ಕಣ್ಣಳತೆಯಲ್ಲೇ ಹೋಗುತ್ತವೆ. 134 ಇದ್ದದ್ದು 63ಕ್ಕೆ ಇಳಿಯಿತು.

ಇನ್ನು ಭಾಗಾಕಾರವನ್ನೂ ಹಗುರ ಮಾಡಬಹುದು. 743ರಿಂದ ಭಾಗಿಸಬೇಕು ಎಂದುಕೊಳ್ಳಿ. 743 ಎಂದರೆ 759ಕ್ಕೆ 16 ಕಡಿಮೆ. 16ರ ವರ್ಗ 256, ಅದಕ್ಕೆ 20 ಕೂಡಿಸಿ, 276. ಅದೇ ಶೇಷ. ಮುಗಿಯಿತು, ಉದ್ದ ಭಾಗಾಕಾರ ಬೇಡ. 727 ಆದರೆ ವ್ಯತ್ಯಾಸ 32. ಅದರ ವರ್ಗ 1024, 20 ಸೇರಿಸಿ 1044, ಅದರಿಂದ 727 ಕಳೆದರೆ 317. ಶೇಷ ಉಳಿಯಿತು, ಮುಂದಿನದಕ್ಕೆ ಹೋಗಿ. ನಾನು 63ನ್ನೂ ಹೀಗೇ ಮಾಡಿದೆ. ಎಲ್ಲಿಯೂ ಸೊನ್ನೆ ಬರಲಿಲ್ಲ. ಮುಗಿಯುವಾಗ ಕರೆಂಟು ಬಂದಿತ್ತು, ಆದರೆ ಲೈಟ್ ಹಾಕುವ ನೆನಪೇ ಆಗಲಿಲ್ಲ.

ಈಗ ವಿಶೇಷದ ಮಾತು. ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಕು ಮಾರಾಯ್ರೆ. ಅಂಕಿಗಳ ವಿಶೇಷ ಬೇರೆ, ಸಂಖ್ಯೆಯ ವಿಶೇಷ ಬೇರೆ. ವಾಟ್ಸಾಪಿನಲ್ಲಿ ಬರುವ ಸಂಖ್ಯಾ ಚಮತ್ಕಾರಗಳಲ್ಲಿ ಮುಕ್ಕಾಲು ಪಾಲು ಮೊದಲ ಬಗೆಯವು.

ಉದಾಹರಣೆಗೆ 5, 7, 6, 1, 0, 1 ಕೂಡಿಸಿ. 20 ಬರುತ್ತದೆ. ಉಡುಪಿಯ ವಾಹನಗಳ ಸಂಖ್ಯೆ ಶುರುವಾಗುವುದು ಕೆಎ-20ರಿಂದ! ಮೇಲೆ 759ರ ವರ್ಗದ ಪಕ್ಕ ಕೂತಿದ್ದದ್ದೂ 20. ಇದನ್ನು ಒಂದು ಚಿತ್ರ ಮಾಡಿ, ಕೆಳಗೆ ದೀಪದ ಗುರುತು ಹಾಕಿ ಕಳಿಸಿದರೆ ಸಂಜೆಯೊಳಗೆ ಕುಂದಾಪುರ ದಾಟುತ್ತದೆ. ಮೊದಲ ಮೂರು ಅಂಕಿ 576 ನೋಡಿ, ಅದು 24ರ ವರ್ಗ. ದಿನಕ್ಕೆ 24 ಗಂಟೆ! ಹೀಗೆ ಹುಡುಕುತ್ತಾ ಹೋದರೆ ಎಲ್ಲ ಸಂಖ್ಯೆಯಲ್ಲೂ ಏನಾದರೊಂದು ಸಿಗುತ್ತದೆ. ಮಂಗಳೂರಿನ 575001ರ ಅಂಕಿಗಳನ್ನು ಕೂಡಿಸಿದರೆ 18. ನಮ್ಮದು ಕೆಎ-19. ಒಂದು ತಪ್ಪಿತು, ಹಾಗಾಗಿ ಯಾರೂ ಆ ಬಗ್ಗೆ ಮಾತಾಡುವುದಿಲ್ಲ. ತಾಳೆಯಾದದ್ದನ್ನು ಮಾತ್ರ ನಾವು ನೆನಪಿಡುತ್ತೇವೆ.

ನಮಗೆ ಹತ್ತು ಬೆರಳು ಇರುವುದರಿಂದ ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ. ಎಂಟೇ ಬೆರಳಿನ ಜನ ಇದ್ದಿದ್ದರೆ ಎಂಟರ ಲೆಕ್ಕದಲ್ಲಿ ಬರೆಯುತ್ತಿದ್ದರು. ಆಗ ನಿಮ್ಮ ಸಂಖ್ಯೆ 2145145 ಎಂದಾಗುತ್ತದೆ. ಅಂಕಿಗಳ ಮೊತ್ತ 22, ಕೆಎ-20ರ ಕತೆ ಅಲ್ಲಿಗೆ ಮುಗಿಯಿತು. ಆದರೆ ನೋಡಿ, 145 ಎರಡು ಸಲ ಬಂತು! ಎಂಟು ಬೆರಳಿನವರು ಇದನ್ನೇ ಹಿಡಿದು ಕುಣಿಯುತ್ತಿದ್ದರು. ಬರೆಯುವ ಕ್ರಮ ಬದಲಾದರೆ ಹಳೆಯ ಚಮತ್ಕಾರ ಹೋಗಿ ಹೊಸದು ಬರುತ್ತದೆ. ಅವಿಭಾಜ್ಯ ಎಂಬ ಗುಣ ಮಾತ್ರ ಅಲ್ಲಾಡುವುದಿಲ್ಲ. 576101 ಗೋಡಂಬಿ ತಂದು ನೆಲದ ಮೇಲೆ ಹರಡಿ, ಸಮನಾದ ಸಾಲುಗಳಲ್ಲಿ ಜೋಡಿಸಲು ಹೊರಟರೆ, ಎಲ್ಲವನ್ನೂ ಉದ್ದಕ್ಕೆ ಒಂದೇ ಸಾಲಿನಲ್ಲಿ ಇಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಅದಕ್ಕೆ ಅಂಕಿಗಳೇ ಬೇಡ.

ಅಂಥದೇ ಇನ್ನೊಂದು ಗುಣ ಹೇಳುತ್ತೇನೆ. ನನಗೆ ಈ ಸಂಖ್ಯೆಯಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದು. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳಿಗೆ ಒಂದು ಸೊಗಸು ಉಂಟು. ಅವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ಬಗೆಯಲ್ಲಿ. 5 ಎಂದರೆ 4 + 1. 13 ಎಂದರೆ 9 + 4. 29 ಎಂದರೆ 25 + 4. ಫ್ರಾನ್ಸಿನ ಫರ್ಮಾ ಇದನ್ನು 1640ರ ಕ್ರಿಸ್‌ಮಸ್ ದಿನ ಬರೆದ ಪತ್ರವೊಂದರಲ್ಲಿ ಹೇಳಿದ. ಅವನು ವೃತ್ತಿಯಲ್ಲಿ ನ್ಯಾಯಾಲಯದ ಮನುಷ್ಯ, ಗಣಿತ ಬಿಡುವಿನ ಕೆಲಸ. ಸಾಧನೆ ಬರೆದಿಡುವ ಅಭ್ಯಾಸ ಅವನಿಗೆ ಕಡಿಮೆ. ಸುಮಾರು ನೂರು ವರ್ಷ ಕಳೆದ ಮೇಲೆ ಗಣಿತಜ್ಞ ಆಯ್ಲರ್ ಅದನ್ನು ಸಾಧಿಸಿದ.

576101ರ ಕೊನೆಯ ಎರಡಂಕಿ 01. ಹಾಗಾಗಿ 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂದರೆ ಎರಡು ವರ್ಗಗಳು ಎಲ್ಲೋ ಅಡಗಿ ಕೂತಿರಲೇಬೇಕು. ಹುಡುಕುವುದು ಹೇಗೆ? ಯಾವುದೇ ವರ್ಗವನ್ನು 5ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ನಮ್ಮ ಸಂಖ್ಯೆಯ ಶೇಷ 1. ಎರಡು ಶೇಷ ಸೇರಿ 1 ಆಗಬೇಕಾದರೆ ಒಂದು 0, ಇನ್ನೊಂದು 1. ಹಾಗಾದರೆ ಎರಡರಲ್ಲಿ ಒಂದು 5ರ ಮಗ್ಗಿಯದ್ದು. ಇದೇ ದಾರಿಯಲ್ಲಿ ಮುಂದೆ ಹೋದರೆ, ಇನ್ನೊಂದು ಸಂಖ್ಯೆ 25ರ ಮಗ್ಗಿಗೆ ಒಂದು ಹೆಚ್ಚೋ ಒಂದು ಕಡಿಮೆಯೋ ಇರಬೇಕು. 3 ಮತ್ತು 32ರಿಂದ ಭಾಗಿಸಿ ಶೇಷ ನೋಡಿದರೆ ಇನ್ನಷ್ಟು ಕಳಚಿ ಬೀಳುತ್ತವೆ. ಕೊನೆಗೆ ನನ್ನ ಕಾಗದದಲ್ಲಿ ಉಳಿದದ್ದು 15 ಸಾಧ್ಯತೆಗಳು. ಒಂದೊಂದಾಗಿ ನೋಡಿದೆ. 14 ಸುಳ್ಳಾದವು. ಒಂದು ಕೂಡಿಬಂತು:

751 × 751 = 564001
110 × 110 = 12100
ಎರಡೂ ಸೇರಿ 576101.

ಇದು ಬರೇ ಚಂದ ಅಲ್ಲ, ಇದೇ ಇನ್ನೊಂದು ಸಾಕ್ಷಿ ಕೂಡ. 65ನ್ನು ನೋಡಿ: 64 + 1 ಕೂಡ ಹೌದು, 49 + 16 ಕೂಡ ಹೌದು. ಎರಡು ಬಗೆ ಯಾಕೆ ಬಂತು? 65 ಎಂದರೆ 5 × 13. ಆ ಎರಡೂ ತಮ್ಮ ತಮ್ಮ ವರ್ಗದ ಜೋಡಿಯನ್ನು ತಂದಿವೆ. ಜೋಡಿಗಳನ್ನು ಎರಡು ಬಗೆಯಲ್ಲಿ ಹೆಣೆಯಬಹುದು. ಹೀಗೆ ಹೆಣೆಯುವ ಸೂತ್ರವನ್ನು ನಮ್ಮ ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದ. ಅದೇ ವಾದವನ್ನು ತಿರುಗಿಸಿದರೆ, ಬೆಸಸಂಖ್ಯೆಯೊಂದಕ್ಕೆ ಒಂದೇ ಒಂದು ವರ್ಗದ ಜೋಡಿ ಸಿಕ್ಕಿ, ಆ ಜೋಡಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ, ಆ ಸಂಖ್ಯೆ ಅವಿಭಾಜ್ಯವೇ ಆಗಿರಬೇಕು. 751 ಮತ್ತು 110ಕ್ಕೆ ಸಾಮಾನ್ಯ ಅಪವರ್ತನ ಇಲ್ಲ. 63 ಭಾಗಾಕಾರ ಮಾಡಿ ತಿಳಿದದ್ದನ್ನು 15 ಪ್ರಯತ್ನದಲ್ಲಿ ಇನ್ನೊಂದು ದಾರಿಯಿಂದ ತಿಳಿದಂತಾಯಿತು. ಆಯ್ಲರ್ ದೊಡ್ಡ ಸಂಖ್ಯೆಗಳನ್ನು ಹೀಗೆಯೇ ಪರೀಕ್ಷೆ ಮಾಡುತ್ತಿದ್ದ, ಅದೂ ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ.

ಮಂಗಳೂರಿನವನಾಗಿ ನನ್ನ ಊರಿನ ಪಿನ್ ಕೋಡನ್ನೂ ನೋಡದಿದ್ದರೆ ಹೇಗೆ? 575001, ಪಾಪ, ಒಂದು ನಿಮಿಷವೂ ನಿಲ್ಲಲಿಲ್ಲ. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಹೋಗುತ್ತದೆ. 575ರಿಂದ 001 ಕಳೆದರೆ 574, ಅದು 7 × 82, ಹಾಗಾಗಿ 7ರಿಂದಲೂ ಹೋಗುತ್ತದೆ. ಕೊನೆಗೆ 9 × 7 × 9127. ಆ 9127 ಮಾತ್ರ ಗಟ್ಟಿ, ಅದು ಅವಿಭಾಜ್ಯ. ಇನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯೋಣ ಎಂದರೆ ಅದೂ ಆಗುವುದಿಲ್ಲ. 4ರಿಂದ ಭಾಗಿಸಿದಾಗ 3 ಉಳಿಯುವ 7 ಒಂಟಿಯಾಗಿ ಒಳಗೆ ಕೂತಿದೆ. ಅಂಥದ್ದು ಇದ್ದರೆ ಜನ್ಮವಿಡೀ ಹುಡುಕಿದರೂ ಜೋಡಿ ಸಿಗುವುದಿಲ್ಲ.

ಉಡುಪಿಯವರು ತುಂಬಾ ಹಿಗ್ಗುವುದೂ ಬೇಡ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೆ ಒಂದು ಅವಿಭಾಜ್ಯ. ದೇಶದ ಪಿನ್ ಕೋಡುಗಳಲ್ಲಿ ಅವಿಭಾಜ್ಯಗಳು ಬೇಕಾದಷ್ಟು ಇರುತ್ತವೆ. ಅಕ್ಕಪಕ್ಕದವರಲ್ಲಿ ಮಾತ್ರ ನಿಮ್ಮದು ಒಂಟಿ. ಮಣಿಪಾಲದ 576104 ಸಮಸಂಖ್ಯೆ, ನೋಡುವುದೇ ಬೇಡ. 576103 11ಕ್ಕೆ ಬೀಳುತ್ತದೆ, 576105 5ಕ್ಕೆ, 576107 7ಕ್ಕೆ. 576101ರಿಂದ 576108ರ ತನಕ ಅವಿಭಾಜ್ಯ ಎಂದು ನಿಲ್ಲುವುದು ಮೊದಲನೆಯದು ಮಾತ್ರ.

ಇನ್ನೊಂದು ಮಾತು. ಪಿನ್ ಕೋಡ್ ನಿಜವಾಗಿ ಎಣಿಕೆಯ ಸಂಖ್ಯೆ ಅಲ್ಲ, ಅಂಕಿಗಳಲ್ಲಿ ಬರೆದ ವಿಳಾಸ. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ಅದನ್ನು ರೂಪಿಸಿದವರು ಶ್ರೀರಾಮ್ ಭಿಕಾಜಿ ವೇಲಣಕರ್, ಸಂಸ್ಕೃತ ಕವಿಯೂ ಹೌದು. ಮೊದಲ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಪ್ರದೇಶಕ್ಕೆ, ಕೊನೆಯ ಮೂರು ಅಂಚೆ ಕಚೇರಿಗೆ. 576101 ಅವಿಭಾಜ್ಯ ಎಂದು ನಿಮ್ಮ ಪಾರ್ಸೆಲ್ ಒಂದು ದಿನ ಮೊದಲು ಮುಟ್ಟುವುದಿಲ್ಲ. ಅದೃಷ್ಟದ ಲೆಕ್ಕ ಹೇಳುವವರು ಬಂದರೆ ಒಂದು ಚಾ ಕೊಟ್ಟು ಕಳಿಸಿ.

ಆದರೂ ಅವಿಭಾಜ್ಯ ಆದದ್ದರಿಂದ ಬರುವ ಒಂದು ವಿಚಿತ್ರ ಹೇಳದೆ ಇರಲಾರೆ. 1 ಎಂಬ ಅಂಕಿಯನ್ನು ಒಂದರ ಪಕ್ಕ ಒಂದರಂತೆ 576100 ಸಲ ಬರೆಯಿರಿ. ಪುಟಕ್ಕೆ 2000 ಅಂಕಿ ಹಿಡಿಸಿದರೆ 288 ಪುಟ ತುಂಬಿ ಇನ್ನೂ ನೂರು ಅಂಕಿ ಉಳಿಯುತ್ತದೆ. ಆ ದೈತ್ಯ ಸಂಖ್ಯೆಯನ್ನು 576101ರಿಂದ ಭಾಗಿಸಿದರೆ ಶೇಷ ಸೊನ್ನೆ. ಯಾರೂ ಭಾಗಿಸಿ ನೋಡಬೇಕಾಗಿಲ್ಲ. ಫರ್ಮಾನ ಇನ್ನೊಂದು ಸಣ್ಣ ನಿಯಮದಿಂದ ಇದು ತಾನಾಗಿ ಬರುತ್ತದೆ. 2, 3, 5 ಬಿಟ್ಟು ಯಾವ ಅವಿಭಾಜ್ಯ ಹಿಡಿದರೂ, ಅದಕ್ಕಿಂತ ಒಂದು ಕಡಿಮೆ ಸಲ 1 ಬರೆದರೆ ಸಾಕು. 7ಕ್ಕೆ ಆರು ಸಲ: 111111 = 7 × 15873. ಇದನ್ನು ಮಗಳು ಅಂಗಡಿಯಲ್ಲೇ ನೋಡಬಹುದು.

ಅಂಕಿಗಳ ಆಟ ಕೀಳು ಎಂದು ನಾನು ಹೇಳಲಿಲ್ಲ. ನಾಸಿಕ್ ಹತ್ತಿರದ ದೇವಲಾಲಿಯ ಶಾಲಾ ಮಾಸ್ತರು ಡಿ. ಆರ್. ಕಾಪ್ರೇಕರ್ ಜೀವಮಾನವಿಡೀ ಅದನ್ನೇ ಆಡಿದರು. 1949ರಲ್ಲಿ ಅವರಿಗೆ ಸಿಕ್ಕಿದ್ದು 6174. ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲದಲ್ಲಿ 6174ಕ್ಕೆ ಬಂದು ಸೇರುತ್ತೀರಿ. ಪಿನ್ ಬಂದ ವರ್ಷ 1972ಕ್ಕೆ ಮಾಡಿದೆ: 8442, 5994, 5355, 1998, 8082, 8532, 6174. ಸರಿಯಾಗಿ ಏಳು.

576101ಕ್ಕೆ ಇದೇ ಆಟ ಆಡಿದರೆ ನಿಲ್ದಾಣ ಸಿಗುವುದಿಲ್ಲ. 765110ರಿಂದ 011567 ಕಳೆದು 753543. ಆಮೇಲೆ 420876, 851742, 750843, 840852, 860832, 862632, 642654. ಮುಂದಿನದು ಮತ್ತೆ 420876. ಅಲ್ಲಿಂದ ಏಳು ಸಂಖ್ಯೆಗಳ ನಡುವೆಯೇ ಸುತ್ತು, ಸಿಟಿ ಬಸ್ಸಿನ ಹಾಗೆ. ಆರಂಕಿಯಲ್ಲಿ ಹೀಗೂ ಆಗುವುದುಂಟು.

ಮತ್ತೆ ಮಗಳ ಲೆಕ್ಕಕ್ಕೆ ಬರುತ್ತೇನೆ. ಅವಳು 50ರ ತನಕ ಮಾಡಿದ್ದು ವ್ಯರ್ಥ ಅಲ್ಲ. 63ರಲ್ಲಿ 3, 7, 23, 29, 41, 43, 47 ಈ ಏಳು ಅಲ್ಲಿಗೇ ಮುಗಿದವು. ಉಳಿದದ್ದು 56. ಹತ್ತರ ಸ್ಥಾನ ಸಮ ಇರುವ ಅವಿಭಾಜ್ಯಗಳ ಪಟ್ಟಿ ಅವಳೇ ಮಾಡಲಿ. 61ರಿಂದ ಶುರು ಮಾಡಿ 743ಕ್ಕೆ ನಿಲ್ಲಿಸಲಿ. 61ಕ್ಕೆ ಶೇಷ 17 ಬರಬೇಕು. ನಡುವೆ 89ಕ್ಕೆ ಬಂದಾಗ ಶೇಷ 4 ಉಳಿಯುತ್ತದೆ, ಆ ಹಿಂದಿನ 576097 ಬಿದ್ದದ್ದು ಅಲ್ಲೇ. 383ಕ್ಕೆ 69, 743ಕ್ಕೆ 276. ಇವು ಕೂಡಿಬಂದರೆ ಲೆಕ್ಕದ ದಾರಿ ಸರಿ ಇದೆ ಎಂದು ತಿಳಿಯಬಹುದು.